ಶ್ವಾಸದ ಹಾದಿ ತೆರವಾದ ಕಥೆ

ಅಫಜಲಪುರ ತಾಲೂಕಿನ ಕರಜಗಿಯಂಥ ಊರಿನಲ್ಲಿ ತೊಗರಿ ರಾಶಿಯ ಕಾಲ ಬಂದಿತೆಂದರೆ ಧೂಳಿನೊಡನೆ ಕೆಮ್ಮಿನ ಸದ್ದೂ ಏಳುತ್ತದೆ. ಧೂಳಿನ ಕೆಮ್ಮು ಕೆಲವು ದಿನಗಳಲ್ಲಿ ಅಡಗೀತು. ಆದರೆ ವರ್ಷವಿಡೀ, ಬೆಳಗಾಗುತ್ತಲೇ, ಕೆಮ್ಮಿ ಕೆಮ್ಮಿ ಕಫ ಉಗುಳುವ ಹಿರಿಯರೊಬ್ಬರು ನಿಮ್ಮ ಓಣಿಯಲ್ಲೂ ಇದ್ದಾರು. “ಹಿಂದೆ ಕ್ಷಯ ಆಗಿತ್ತು, ಮಾತ್ರೆಯಿಂದ ವಾಸಿಯಾಯಿತು, ಕೆಮ್ಮು ಮಾತ್ರ ಉಳಿಯಿತು” ಎಂದು ಮನೆಯವರು ಹೇಳುವುದುಂಟು. ರೋಗ ಹೋದ ಮೇಲೂ ಕಫ ಉಳಿದುದೇಕೆ? ಅದನ್ನು ಹೊರತೆಗೆಯುವ ವಿದ್ಯೆಯನ್ನು ಮನುಷ್ಯರು ಕಲಿತದ್ದು ಹೇಗೆ?

ಕಫ ನಮ್ಮ ಶತ್ರುವಲ್ಲ. ಶ್ವಾಸನಾಳಗಳ ಒಳಮೈಯಲ್ಲಿ ಸಣ್ಣ ರೋಮಗಳಿವೆ. ಅವು ಹಗಲಿರುಳೂ ಅಲುಗಾಡುತ್ತ, ಧೂಳನ್ನೂ ರೋಗಾಣುಗಳನ್ನೂ ಹಿಡಿದಿಟ್ಟ ತೆಳುವಾದ ಲೋಳೆಯನ್ನು ಗಂಟಲಿನತ್ತ ಸಾಗಿಸುತ್ತವೆ. ಕ್ಷಯ ಅಥವಾ ಮೇಲಿಂದ ಮೇಲೆ ಬರುವ ನ್ಯುಮೋನಿಯಾ ನಾಳಗಳ ಗೋಡೆಯನ್ನು ಹಾಳುಗೆಡವಿದರೆ ಅವು ಶಾಶ್ವತವಾಗಿ ಹಿಗ್ಗಿಬಿಡುತ್ತವೆ. ಅಲ್ಲಿ ಕಫ ನಿಂತು ಕೊಳೆಯುತ್ತದೆ, ಸೋಂಕು ಮರುಕಳಿಸುತ್ತದೆ, ಸೋಂಕಿನಿಂದ ನಾಳ ಇನ್ನಷ್ಟು ಹಾಳಾಗುತ್ತದೆ. ಸ್ಟೆತಸ್ಕೋಪನ್ನು 1816ರಲ್ಲಿ ಕಂಡುಹಿಡಿದ ಫ್ರಾನ್ಸ್ ದೇಶದ ವೈದ್ಯ ಲೆನೆಕ್, 1819ರ ತನ್ನ ಗ್ರಂಥದಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬಣ್ಣಿಸಿದನು. ಇಂದು ಇದನ್ನು ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಎದೆಯ ಬೇನೆಗಳನ್ನು ಕಿವಿಗೊಟ್ಟು ಆಲಿಸಿದ ಆ ವೈದ್ಯನು 1826ರಲ್ಲಿ ಕ್ಷಯದಿಂದಲೇ ತೀರಿಕೊಂಡನು.

ಕಫವನ್ನು ಸಡಿಲಗೊಳಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬೇಲಿಯಲ್ಲಿ ಬೆಳೆಯುವ ಆಡುಸೋಗೆಯ ಎಲೆಯನ್ನು ಕೆಮ್ಮಿಗೆ ಬಳಸುವ ರೂಢಿ ಬಲು ಹಳೆಯದು. ಆ ಗಿಡದಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಇಪ್ಪತ್ತನೆಯ ಶತಮಾನದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ತಯಾರಿಸಿದರು. ಇಂದು ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿ ಅದು, ಇಲ್ಲವೇ ಅದರಿಂದ ಹುಟ್ಟಿದ ಆಂಬ್ರೋಕ್ಸಾಲ್ ಇರುತ್ತದೆ. ಆದರೆ ಸಡಿಲಗೊಂಡ ಕಫ ತಾನಾಗಿ ಮೇಲೇರಿ ಬಾರದಿದ್ದರೆ ಏನು ಮಾಡುವುದು?

ಇದಕ್ಕೆ ಉತ್ತರ ದೊರೆತದ್ದು ಭೂಮಿಯ ಸೆಳೆತದಲ್ಲಿ. ಜರ್ಮನಿಯ ಕ್ವಿಂಕೆ 1898ರಲ್ಲಿಯೂ ಲಂಡನ್ನಿನ ವಿಲಿಯಂ ಎವರ್ಟ್ 1901ರಲ್ಲಿಯೂ ರೋಗಿಯ ಎದೆ ಇಳಿಜಾರಾಗುವಂತೆ ಮಲಗಿಸಿ ಕಫವನ್ನು ಹರಿಸುವ ಕ್ರಮವನ್ನು ಪ್ರಕಟಿಸಿದರು. ಮೊದಲ ಮಹಾಯುದ್ಧದಲ್ಲಿ ಎದೆಗೆ ಗುಂಡು ತಗುಲಿದ ಸೈನಿಕರಿಗೆ ಮ್ಯಾಕ್‌ಮಹೋನ್ ಎಂಬವರು ಉಸಿರಾಟದ ವ್ಯಾಯಾಮ ಕಲಿಸಿ, 1915ರಲ್ಲಿ ಅದರ ಬಗ್ಗೆ ಬರೆದರು. 1934ರಲ್ಲಿ ನೆಲ್ಸನ್ ಎಂಬ ವೈದ್ಯರು, ಶ್ವಾಸಕೋಶದ ಯಾವ ಭಾಗದಲ್ಲಿ ಕಫ ನಿಂತಿದೆಯೋ ಅದಕ್ಕೆ ತಕ್ಕ ಭಂಗಿ ಯಾವುದೆಂದು ವಿವರಿಸಿದರು. ಹೊಲದ ಇಳಿಜಾರು ನೋಡಿ ಕಾಲುವೆ ತೆಗೆಯುವ ರೈತನಿಗೆ ಈ ಮಾತು ಬೇಗನೆ ತಿಳಿದೀತು.

ಆಗ ಕ್ಷಯಕ್ಕೆ ಮದ್ದಿರಲಿಲ್ಲ. ವಿಶ್ರಾಂತಿ, ಶುದ್ಧ ಗಾಳಿ, ಒಳ್ಳೆಯ ಆಹಾರ, ಇವಿಷ್ಟೇ ಚಿಕಿತ್ಸೆ. ಅದಕ್ಕೆಂದೇ ಆರೋಗ್ಯಧಾಮಗಳು ಹುಟ್ಟಿದವು. ನಮ್ಮ ಗಡಿಯಾಚೆಯ ಮದನಪಲ್ಲಿಯ ಬಳಿ ಹಲವು ಕ್ರೈಸ್ತ ಮಿಷನ್‌ಗಳು ಕೂಡಿ ಆರೋಗ್ಯವರಂ ಧಾಮವನ್ನು ಕಟ್ಟಿದವು, ಡೆನ್ಮಾರ್ಕಿನ ಡಾ. ಫ್ರಿಮೊಡ್ ಮೊಲ್ಲರ್ ಅದನ್ನು ದೀರ್ಘಕಾಲ ನಡೆಸಿದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಆಸ್ಪತ್ರೆ ಎದ್ದಿತು. ಭೀಮಾ ತೀರದ ಕರಜಗಿಯ ಸೀಮೆಗೆ ಬೆಂಗಳೂರಿಗಿಂತ ಸೊಲ್ಲಾಪುರ, ಮೀರಜಗಳೇ ಹತ್ತಿರ. ಮೀರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಮಿಷನ್ ಆಸ್ಪತ್ರೆ ಉತ್ತರ ಕರ್ನಾಟಕದ ರೋಗಿಗಳಿಗೂ ಆಸರೆಯಾಯಿತು. ಇಂಥ ಧಾಮಗಳಲ್ಲಿ ರೋಗಿ ಯಾವಾಗ ಮಲಗಬೇಕು, ಏನು ಉಣ್ಣಬೇಕು, ಕಫವನ್ನು ಯಾವ ಪಾತ್ರೆಯಲ್ಲಿ ಉಗುಳಬೇಕು ಎಂಬುದನ್ನೆಲ್ಲ ನೋಡಿಕೊಳ್ಳಲು ದಾದಿಯರಿದ್ದರು.

ಸ್ಟ್ರೆಪ್ಟೊಮೈಸಿನ್, ಐಸೋನಿಯಾಜಿಡ್‌ಗಳು ಬಂದ ಮೇಲೆ ಕಾಲ ಬದಲಾಯಿತು. ಮನೆಯಲ್ಲೇ ಮಾತ್ರೆ ನುಂಗಿದ ರೋಗಿಗಳೂ ಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ಮದ್ರಾಸಿನ ಅಧ್ಯಯನವೊಂದು 1959ರಲ್ಲಿ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಬಡವನು ಹೊಲಮನೆ ಬಿಟ್ಟು ತಿಂಗಳುಗಟ್ಟಲೆ ದೂರ ಇರಬೇಕಾದ ಕಷ್ಟ ತಪ್ಪಿತು. ಇದು ಮಹೋಪಕಾರವೇ ಸರಿ. ಆದರೆ ಮಾತ್ರೆ ಮನೆಗೆ ಬಂದಂತೆ ದಾದಿಯ ಕೈ ಮನೆಗೆ ಬರಲಿಲ್ಲ. ರೋಗಾಣು ಸತ್ತರೂ ಹಿಗ್ಗಿದ ನಾಳ ಮೊದಲಿನಂತಾಗದು. ಭಾರತದ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರಿಗೆ ಮೂಲ ಕಾರಣ ಹಿಂದೆ ಬಂದಿದ್ದ ಕ್ಷಯವೇ ಆಗಿತ್ತು.

ಆ ಕೊರತೆಯನ್ನು ತುಂಬುವ ವಿದ್ಯೆಗೆ ಯಂತ್ರವೇ ಬೇಕೆಂದಿಲ್ಲ. ನ್ಯೂಜಿಲೆಂಡಿನಲ್ಲಿ 1960ರ ದಶಕದಲ್ಲಿ ರೂಪುಗೊಂಡು ಮುಂದೆ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಬೆಳೆದ ಕ್ರಮವೊಂದಿದೆ. ರೋಗಿ ಕುಳಿತು ಮೆಲ್ಲಗೆ ಉಸಿರಾಡುತ್ತಾನೆ. ಬಳಿಕ ಕೆಲವು ದೀರ್ಘ ಉಸಿರು ಎಳೆದುಕೊಳ್ಳುತ್ತಾನೆ. ಆಮೇಲೆ ಬಾಯಿ ತೆರೆದು, ಕನ್ನಡಿಗೆ ಹಬೆ ಹಿಡಿಸುವಂತೆ, ಹಾ ಎಂದು ಗಾಳಿಯನ್ನು ಹೊರದೂಡುತ್ತಾನೆ. ದೂರದ ನಾಳದ ಕಫ ಹೀಗೆ ಹತ್ತಿರ ಬರುತ್ತದೆ. ಕೊನೆಗೆ ಒಂದೆರಡು ಕೆಮ್ಮಿಗೆ ಹೊರಬೀಳುತ್ತದೆ. ದಣಿವು ಕಡಿಮೆ, ಖರ್ಚು ಇಲ್ಲ.

ಆದರೂ ಓದಿದ ಮಾತ್ರಕ್ಕೆ ಪ್ರಯೋಗಕ್ಕೆ ಇಳಿಯಬೇಡಿ. ಒಮ್ಮೆ ಫಿಸಿಯೋಥೆರಪಿಸ್ಟರ ಮುಂದೆ ಕುಳಿತು ಕಲಿಯಿರಿ. ತಲೆ ತಗ್ಗಿಸಿ ಮಲಗಿಸುವ ಹಳೆಯ ಭಂಗಿ ಹೃದ್ರೋಗ, ರಕ್ತದೊತ್ತಡ ಇರುವವರಿಗೆ ತಕ್ಕದ್ದಲ್ಲ. ಊಟವಾದ ಕೂಡಲೇ ಯಾರಿಗೂ ಸಲ್ಲದು. ಕಫದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರ ಬಳಿಗೆ ಹೋಗಿರಿ. ಎರಡು ವಾರ ಮೀರಿದ ಕೆಮ್ಮನ್ನು ಹಳೆಯದೆಂದು ಕಡೆಗಣಿಸದೆ ಕಫ ಪರೀಕ್ಷೆ ಮಾಡಿಸಿರಿ. ಕ್ಷಯ ಮರಳಿಯೂ ಬರಬಹುದು.

ಮನೆಯ ಹಿರಿಯರು ಕೆಮ್ಮಿದಾಗ ನಾವು ಮುಖ ತಿರುಗಿಸುತ್ತೇವೆ. ಅವರೂ ನಾಚಿ ಮೂಲೆ ಸೇರುತ್ತಾರೆ, ಕಫವನ್ನು ನುಂಗಿಕೊಳ್ಳುತ್ತಾರೆ. ಅಂದಿನ ದಾದಿಯರು ಅಸಹ್ಯಪಡದೆ ಆ ಪಾತ್ರೆಯನ್ನು ತೊಳೆದರು. ಮುಚ್ಚಳವಿರುವ ಒಂದು ಪಾತ್ರೆ, ಬೆಚ್ಚಗಿನ ನೀರು, ಬೆಳಿಗ್ಗೆ ಕಾಲು ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳುವ ತಾಳ್ಮೆ: ಆರೋಗ್ಯಧಾಮದಿಂದ ಮನೆಗೆ ಬರಬೇಕಾಗಿ ಉಳಿದುದು ಇಷ್ಟೇ. ಅದನ್ನು ತರಬೇಕಾದವರು ನಾವು.