‘ಫೇಲ್ಯೂರ್ ಟು ಥ್ರೈವ್’ ಅಂದರೆ ಮಗು ಫೇಲ್ ಅಂತಲಾ?

‘ಥ್ರೈವ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಏಳಿಗೆ ಹೊಂದು, ಚೆನ್ನಾಗಿ ಬೆಳೆ ಎಂಬ ಅರ್ಥ. ಆಡುಮಾತಿನಲ್ಲಿ ಒಂದೇ ಪದ ಸಾಲದು: ವ್ಯಾಪಾರ ಕುದುರುತ್ತದೆ, ಗಿಡ ನಳನಳಿಸುತ್ತದೆ, ಮಗು ಮೈದುಂಬಿಕೊಳ್ಳುತ್ತದೆ.

ಲಗ್ಗೆರೆಯ ಯಾವುದೋ ಮನೆಗೆ ಇದೇ ಪದ ಆಸ್ಪತ್ರೆ ಚೀಟಿಯಲ್ಲಿ ‘ಫೇಲ್ಯೂರ್ ಟು ಥ್ರೈವ್’ ಎಂದು ಬಂದರೆ ಕಣ್ಣಿಗೆ ರಾಚುವುದು ‘ಫೇಲ್’ ಮಾತ್ರ. ಚೀಟಿಯ ಫೋಟೊ ಫ್ಯಾಮಿಲಿ ಗ್ರೂಪಿಗೆ ಹೋದರಂತೂ ಮುಗಿಯಿತು. ಬಾಲಗ್ರಹ ಅಂತ ಒಬ್ಬರು, ತಾಯಿ ಹಾಲು ಸಾಲದು ಅಂತ ಇನ್ನೊಬ್ಬರು.

ಇದು ಕಾಯಿಲೆಯ ಹೆಸರಲ್ಲ. ವಯಸ್ಸಿಗೆ ತಕ್ಕಂತೆ ತೂಕ ಏರುತ್ತಿಲ್ಲ ಎಂಬ ಗುರುತು ಅಷ್ಟೇ. ‘ಉಂಡಿದ್ದು ಮೈಗೆ ಹತ್ತುತ್ತಿಲ್ಲ’ ಅಂತಾರಲ್ಲ, ಹೆಚ್ಚುಕಡಿಮೆ ಅದೇ. ಸಾಮಾನ್ಯವಾಗಿ ಹುಟ್ಟಿದಾಗಿನ ತೂಕ 5 ತಿಂಗಳ ಹೊತ್ತಿಗೆ ಎರಡರಷ್ಟು, 1 ವರ್ಷಕ್ಕೆ ಮೂರರಷ್ಟು ಆಗುತ್ತದೆ. ಆದರೆ ಒಂದು ದಿನದ ತೂಕಕ್ಕಿಂತ ಬೆಳವಣಿಗೆ ಚಾರ್ಟಿನ ಗೆರೆ ಮುಖ್ಯ. ಅಂಗನವಾಡಿಯಲ್ಲಿ ತೂಕ ನೋಡಿ ಗುರುತು ಹಾಕುವ ಚಾರ್ಟ್ ಇದೇ. ಸಣ್ಣ ಮೈಕಟ್ಟಿನ ಮಗುವಿನ ಗೆರೆ ಕೆಳಗಿದ್ದರೂ ಒಂದೇ ಸಮ ಏರುತ್ತಿದ್ದರೆ ಗಾಬರಿ ಬೇಡ. ಗೆರೆ ಮಲಗಿದರೆ ಕಾರಣ ಹುಡುಕಬೇಕು.

ಮಗು ಮೊಲೆ ಹಿಡಿಯುವ ರೀತಿ ಸರಿಯಿಲ್ಲದಿರಬಹುದು, ಡಬ್ಬಿ ಹಾಲಿಗೆ ನೀರು ಜಾಸ್ತಿಯಾಗಿರಬಹುದು. ಪದೇ ಪದೇ ಭೇದಿ, ಅಪರೂಪಕ್ಕೆ ಹೃದಯದ ತೊಂದರೆಯೂ ಇರಬಹುದು. ಇದನ್ನೆಲ್ಲ ತಾಯಿಯ ತಲೆಗೆ ಕಟ್ಟುವುದು ಅನ್ಯಾಯ. ಪದದಲ್ಲೇ ದೂರುವ ಧಾಟಿ ಇದೆಯೆಂದು ಈಗ ಕೆಲವು ವೈದ್ಯರು ‘ಫಾಲ್ಟರಿಂಗ್ ಗ್ರೋತ್’ ಎಂದು ಬರೆಯುತ್ತಾರೆ.

ದಾರ ಕಟ್ಟಿಸುವುದಕ್ಕೆ ನಮ್ಮ ತಕರಾರಿಲ್ಲ. ಅದರಿಂದ ತಪಾಸಣೆ ಮುಂದಕ್ಕೆ ಹೋದರೆ ತಕರಾರಿದೆ. 6 ತಿಂಗಳೊಳಗಿನ ಮಗುವಿಗೆ ವೈದ್ಯರನ್ನು ಕೇಳದೆ ಹಸುವಿನ ಹಾಲು, ರಾಗಿ ಸರಿ ಶುರು ಮಾಡಬೇಡಿ. ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಅಥವಾ ಮೂತ್ರ ಕಡಿಮೆಯಾಗಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.