ಲಿಯಾಂಗ್ ಸಿಚೆಂಗ್

ಲಿಯಾಂಗ್ ಸಿಚೆಂಗ್ (20 ಏಪ್ರಿಲ್ 1901 – 9 ಜನವರಿ 1972) ಚೀನಾದ ವಾಸ್ತುಶಿಲ್ಪಿ, ವಾಸ್ತುಶಿಲ್ಪ ಇತಿಹಾಸಕಾರ ಹಾಗೂ ಪ್ರಾಧ್ಯಾಪಕರು. ಚೀನಾದ ಪ್ರಾಚೀನ ಮರದ ಕಟ್ಟಡಗಳನ್ನು ಸ್ಥಳಕ್ಕೆ ಹೋಗಿ ಅಳೆದು, ಚಿತ್ರಿಸಿ, ಕಾಲನಿರ್ಣಯ ಮಾಡುವ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಬೀಜಿಂಗ್‌ನ ಹಳೆಯ ನಗರವನ್ನು ಉಳಿಸಿಕೊಳ್ಳಲು ಅವರು ಮುಂದಿಟ್ಟ ಯೋಜನೆ ತಿರಸ್ಕೃತವಾಯಿತು.

ಆರಂಭಿಕ ಜೀವನ ಮತ್ತು ಶಿಕ್ಷಣ

ಸಿಚೆಂಗ್ ಜನಿಸಿದ್ದು ಜಪಾನಿನ ಟೋಕಿಯೊದಲ್ಲಿ. ತಂದೆ ಲಿಯಾಂಗ್ ಚಿಚಾವೊ ಸುಧಾರಣಾವಾದಿ ಚಿಂತಕರಾಗಿದ್ದು, 1898ರ ಸುಧಾರಣೆಗಳು ವಿಫಲವಾದ ಬಳಿಕ ಅಲ್ಲಿ ಆಶ್ರಯ ಪಡೆದಿದ್ದರು. 1923ರಲ್ಲಿ ಬೀಜಿಂಗ್‌ನಲ್ಲಿ ಸಿಚೆಂಗ್ ಅವರ ಮೋಟಾರ್‌ಸೈಕಲ್‌ಗೆ ಕಾರೊಂದು ಢಿಕ್ಕಿ ಹೊಡೆಯಿತು. ಆಗ ಕಾಲಿಗೆ ಮತ್ತು ಬೆನ್ನಿಗೆ ಆದ ಪೆಟ್ಟು ಜೀವನದುದ್ದಕ್ಕೂ ಅವರನ್ನು ಕಾಡಿತು.

1924ರಲ್ಲಿ ಅವರು ಲಿನ್ ಹುಯಿಯಿನ್ ಅವರೊಡನೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ವಾಸ್ತುಶಿಲ್ಪ ವಿಭಾಗಕ್ಕೆ ಮಹಿಳೆಯರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಲಿನ್ ಲಲಿತಕಲಾ ವಿಭಾಗವನ್ನು ಸೇರಿ, ವಾಸ್ತುಶಿಲ್ಪದ ಪಾಠಗಳನ್ನೂ ಕಲಿತರು. ಅವರಿಗೆ ಸಲ್ಲಬೇಕಿದ್ದ ವಾಸ್ತುಶಿಲ್ಪ ಪದವಿಯನ್ನು ವಿಶ್ವವಿದ್ಯಾಲಯವು ಮರಣೋತ್ತರವಾಗಿ ನೀಡಿದ್ದು 2024ರಲ್ಲಿ. ಇವರಿಬ್ಬರ ವಿವಾಹ 1928ರಲ್ಲಿ ನಡೆಯಿತು. ಅದೇ ವರ್ಷ ಶೆನ್ಯಾಂಗ್‌ನ ಈಶಾನ್ಯ ವಿಶ್ವವಿದ್ಯಾಲಯದಲ್ಲಿ ಸಿಚೆಂಗ್ ವಾಸ್ತುಶಿಲ್ಪ ವಿಭಾಗವನ್ನು ಆರಂಭಿಸಿದರು.

ಯಿಂಗ್‌ಜಾವ್ ಫಾಶಿ

ಸಿಚೆಂಗ್ ಅಮೆರಿಕದಲ್ಲಿದ್ದಾಗ ತಂದೆ ಅವರಿಗೊಂದು ಗ್ರಂಥವನ್ನು ಕಳುಹಿಸಿದ್ದರು. ಅದು ಸೋಂಗ್ ರಾಜವಂಶದ ಅಧಿಕಾರಿ ಲಿ ಜಿಯೆ ರಚಿಸಿದ, 1103ರಲ್ಲಿ ಪ್ರಕಟವಾದ ಕಟ್ಟಡ ನಿಯಮಗಳ ಕೃತಿ 'ಯಿಂಗ್‌ಜಾವ್ ಫಾಶಿ'. ಅದರ ಪಾರಿಭಾಷಿಕ ಪದಗಳ ಅರ್ಥ ಆ ವೇಳೆಗೆ ಮರೆತುಹೋಗಿತ್ತು. ಸಿಚೆಂಗ್ ಅವರಿಗೂ ಮೊದಲಿಗೆ ಅದು ಅರ್ಥವಾಗಲಿಲ್ಲ. 1931ರಲ್ಲಿ ಅವರು ಜು ಚಿಚಿಯನ್ ಸ್ಥಾಪಿಸಿದ್ದ ಚೀನೀ ವಾಸ್ತುಶಿಲ್ಪ ಸಂಶೋಧನಾ ಸಂಘವನ್ನು ಸೇರಿ, ಹಿಂದಿನಿಂದ ಮುಂದಕ್ಕೆ ಓದುವ ಬದಲು ಇಂದಿನಿಂದ ಹಿಂದಕ್ಕೆ ಹೋಗುವ ಕ್ರಮವನ್ನು ಅನುಸರಿಸಿದರು. ಬೀಜಿಂಗ್ ಅರಮನೆಯ ಕೆಲಸ ಬಲ್ಲ ಹಿರಿಯ ಬಡಗಿಗಳನ್ನೇ ಗುರುಗಳೆಂದು ಭಾವಿಸಿ ಚಿಂಗ್ ಕಾಲದ ನಿಯಮಗಳನ್ನು ಕಲಿತು, ಆ ಬಳಿಕ ಹಳೆಯ ಕಟ್ಟಡಗಳತ್ತ ಹೊರಟರು.

ಚೀನಾದ ಮರದ ಕಟ್ಟಡಗಳಲ್ಲಿ ಭಾರವನ್ನು ಹೊರುವುದು ಕಂಬ ಮತ್ತು ತೊಲೆಗಳು. ಗೋಡೆ ಕೇವಲ ಮರೆ. ಕಂಬದ ತಲೆ ಮತ್ತು ಚಾವಣಿಯ ನಡುವೆ 'ದೋಗೊಂಗ್' ಎಂಬ, ಬೋದಿಗೆಯನ್ನು ಹೋಲುವ ಜೋಡಣೆಯಿರುತ್ತದೆ. ಅದರ ತೋಳಿನ ಅಳತೆಯೇ ಇಡೀ ಕಟ್ಟಡಕ್ಕೆ ಮಾನದಂಡವೆಂಬುದನ್ನು ಅವರು ಲಿ ಜಿಯೆಯ ಗ್ರಂಥದಿಂದ ಬಿಡಿಸಿ ತೋರಿಸಿದರು. ಕಾಲ ಕಳೆದಂತೆ ದೋಗೊಂಗ್ ಚಿಕ್ಕದಾಗಿ, ಕೊನೆಗೆ ಬಹುಮಟ್ಟಿಗೆ ಅಲಂಕಾರವಾಯಿತು. ಆದುದರಿಂದ ಅದರ ಗಾತ್ರ ಮತ್ತು ರೂಪ ಕಟ್ಟಡದ ವಯಸ್ಸನ್ನು ಹೇಳಬಲ್ಲವು.

ಕ್ಷೇತ್ರಕಾರ್ಯ

1932ರಲ್ಲಿ ಜಿ ಕೌಂಟಿಯ ದುಲೆ ದೇವಾಲಯವನ್ನು ಪರಿಶೀಲಿಸಿ, ಅದರ ಗುವಾನ್‌ಯಿನ್ ಮಂಟಪ 984ರದ್ದೆಂದು ಗುರುತಿಸಿದರು. ಯಿಂಗ್‌ಶಿಯಾನ್‌ನ ಮರದ ಪಗೋಡ (1056) ಇನ್ನೂ ನಿಂತಿದೆಯೇ ಎಂದು ತಿಳಿಯಲು, ಆ ಊರಿನ ಛಾಯಾಚಿತ್ರ ಅಂಗಡಿಗೆ ಹೆಸರಿಲ್ಲದ ವಿಳಾಸದಲ್ಲಿ ಪತ್ರ ಬರೆದರು. ಚಿತ್ರ ಬಂತು, ಪ್ರತಿಯಾಗಿ ಛಾಯಾಗ್ರಾಹಕ ಕೇಳಿದ್ದು ಬೀಜಿಂಗ್‌ನ ಬರೆಯುವ ಕಾಗದವನ್ನು.

ತಾಂಗ್ ಕಾಲದ (618–907) ಮರದ ಕಟ್ಟಡ ಚೀನಾದಲ್ಲಿ ಉಳಿದಿಲ್ಲ, ಅದನ್ನು ನೋಡಲು ಜಪಾನಿನ ನಾರಾಕ್ಕೇ ಬರಬೇಕು ಎಂಬುದು ಅಂದಿನ ಜಪಾನೀ ವಿದ್ವಾಂಸರ ಅಭಿಪ್ರಾಯವಾಗಿತ್ತು. ದುನ್‌ಹುವಾಂಗ್ ಗುಹೆಯ ಭಿತ್ತಿಚಿತ್ರದಲ್ಲಿ ವುತಾಯ್ ಪರ್ವತದ ದೇವಾಲಯಗಳನ್ನು ಕಂಡಿದ್ದ ಸಿಚೆಂಗ್, 1937ರ ಜೂನ್‌ನಲ್ಲಿ ಲಿನ್ ಮತ್ತು ಸಹೋದ್ಯೋಗಿಗಳೊಂದಿಗೆ ಹೇಸರಗತ್ತೆಗಳ ಮೇಲೆ ಫೊಗುವಾಂಗ್ ದೇವಾಲಯವನ್ನು ತಲುಪಿದರು. ಅಲ್ಲಿನ ಪೂರ್ವ ಸಭಾಂಗಣದ ದೋಗೊಂಗ್‌ಗಳು ಕಂಬದ ಎತ್ತರದ ಅರ್ಧದಷ್ಟಿದ್ದವು. ಬಾವಲಿಗಳು ತುಂಬಿದ್ದ ಅಟ್ಟದಲ್ಲಿ ಕೆಲವು ದಿನ ಅಳತೆ ಮಾಡಿದ ಮೇಲೆ, ತೊಲೆಯೊಂದರಲ್ಲಿ ಮಸುಕಾದ ಶಾಯಿಯ ಅಕ್ಷರಗಳಿರುವುದನ್ನು ಲಿನ್ ಕೆಳಗಿನಿಂದಲೇ ಕಂಡರು. ಅದರಲ್ಲಿದ್ದ ದಾನಿ ನಿಂಗ್ ಗೊಂಗ್‌ಯು ಎಂಬ ಮಹಿಳೆಯ ಹೆಸರು ಅಂಗಳದ ಕಲ್ಲುಕಂಬದ ಮೇಲೂ ಇತ್ತು, 857ರ ಕಾಲದ ಉಲ್ಲೇಖದೊಂದಿಗೆ. ಅಂದಿಗೆ ಚೀನಾದಲ್ಲಿ ತಿಳಿದಿದ್ದ ಮರದ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. ಇದಕ್ಕೂ ಹಿಂದಿನ ನಾನ್‌ಚಾನ್ ದೇವಾಲಯ (782) ಬೆಳಕಿಗೆ ಬಂದದ್ದು 1953ರಲ್ಲಿ. ಪರ್ವತದಿಂದ ಇಳಿದ ತಂಡಕ್ಕೆ ಜಪಾನಿನೊಂದಿಗೆ ಯುದ್ಧ ಆರಂಭವಾದ ಸುದ್ದಿ ತಡವಾಗಿ ತಲುಪಿತು.

ಯುದ್ಧಕಾಲ

ದಂಪತಿಗಳು ಕುನ್ಮಿಂಗ್‌ಗೂ, 1940ರಲ್ಲಿ ಸಿಚುವಾನ್‌ನ ಲಿಜುವಾಂಗ್ ಗ್ರಾಮಕ್ಕೂ ವಲಸೆ ಹೋದರು. ಟಿಯಾಂಜಿನ್‌ನ ಬ್ಯಾಂಕಿನಲ್ಲಿ ಇರಿಸಿದ್ದ ಸಂಘದ ದಾಖಲೆಗಳು 1939ರ ಪ್ರವಾಹದಲ್ಲಿ ಹಾಳಾದವು. ಲಿನ್ ಕ್ಷಯರೋಗದಿಂದ ಹಾಸಿಗೆ ಹಿಡಿದರು. ಸಿಚೆಂಗ್ ಬೆನ್ನಿಗೆ ಲೋಹದ ಕವಚ ಕಟ್ಟಿಕೊಂಡು, ತಲೆಯ ಭಾರ ತಾಳಲು ಗಲ್ಲವನ್ನು ಚಿಕ್ಕ ಹೂಜಿಯ ಮೇಲೆ ಊರಿ ಚಿತ್ರ ಬರೆಯುತ್ತಿದ್ದರು. ಅವರ ಚೀನೀ ವಾಸ್ತುಶಿಲ್ಪದ ಇತಿಹಾಸ ಸಿದ್ಧವಾದದ್ದು ಈ ಸ್ಥಿತಿಯಲ್ಲಿ.

ಬೀಜಿಂಗ್ ನಗರ ಯೋಜನೆ

1946ರಲ್ಲಿ ಅವರು ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ವಿಭಾಗವನ್ನು ಸ್ಥಾಪಿಸಿದರು. 1947ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯ ವಿನ್ಯಾಸ ಮಂಡಳಿಯಲ್ಲಿದ್ದರು. 1950ರಲ್ಲಿ ಹೊಸ ಗಣರಾಜ್ಯದ ಲಾಂಛನವನ್ನು ರೂಪಿಸಿದ ತ್ಸಿಂಗ್‌ಹುವಾ ತಂಡದಲ್ಲಿ ದಂಪತಿಗಳಿಬ್ಬರೂ ಇದ್ದರು.

ಅದೇ ವರ್ಷದ ಫೆಬ್ರವರಿಯಲ್ಲಿ ಚೆನ್ ಜಾನ್‌ಶಿಯಾಂಗ್ ಅವರೊಡನೆ ಸೇರಿ, ಸರ್ಕಾರದ ಆಡಳಿತ ಕೇಂದ್ರವನ್ನು ಹಳೆಯ ನಗರದ ಪಶ್ಚಿಮಕ್ಕೆ ನಿರ್ಮಿಸಬೇಕೆಂದು ಪ್ರಸ್ತಾಪಿಸಿದರು. ಸೋವಿಯತ್ ತಜ್ಞರು ತಿಯೆನಾನ್‌ಮೆನ್ ಸುತ್ತಲೇ ಕೇಂದ್ರವಿರಲೆಂದು ಸಲಹೆ ನೀಡಿದರು. ಸರ್ಕಾರ ಅದನ್ನೇ ಒಪ್ಪಿತು. ಸುಮಾರು 40 ಕಿ.ಮೀ. ಉದ್ದದ ನಗರದ ಕೋಟೆಗೋಡೆಯ ಮೇಲೆ ಜನರಿಗೆ ಉದ್ಯಾನ ಮಾಡಬಹುದೆಂಬ ಅವರ ಸೂಚನೆಯೂ ನಿಂತುಹೋಯಿತು. ಗೋಡೆ, ದ್ವಾರಗಳು ಒಂದೊಂದಾಗಿ ಉರುಳಿದವು. 1965ರಲ್ಲಿ ಆರಂಭವಾದ ಸುರಂಗ ರೈಲಿನ ಕಾಮಗಾರಿಗೆ ಉಳಿದ ಬಹುಭಾಗವೂ ಹೋಯಿತು.

1955ರಲ್ಲಿ, ಸಾಂಪ್ರದಾಯಿಕ 'ದೊಡ್ಡ ಚಾವಣಿ'ಗಳನ್ನು ಸಮರ್ಥಿಸಿ ಹಣ ಪೋಲು ಮಾಡಿಸಿದರೆಂಬ ಆರೋಪದ ಮೇಲೆ ಅವರ ವಿರುದ್ಧ ಅಭಿಯಾನ ನಡೆಯಿತು. ಏಪ್ರಿಲ್ 1ರಂದು ಲಿನ್ ನಿಧನರಾದರು. ಚೆನ್ ಅವರಿಗೆ 1957ರಲ್ಲಿ ಬಲಪಂಥೀಯನೆಂಬ ಹಣೆಪಟ್ಟಿ ಅಂಟಿತು. ಸಿಚೆಂಗ್ ಮಾತ್ರ ಆತ್ಮವಿಮರ್ಶೆಗಳನ್ನು ಬರೆದು, 1959ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ಆದರೂ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮತ್ತೆ ಅವಮಾನಕ್ಕೆ ಗುರಿಯಾಗಿ, ಅದು ಮುಗಿಯುವ ಮೊದಲೇ ಬೀಜಿಂಗ್‌ನಲ್ಲಿ ತೀರಿಕೊಂಡರು. ಅವರು 1963ರಲ್ಲಿ ವಿನ್ಯಾಸಗೊಳಿಸಿದ ಯಾಂಗ್‌ಜೌನ ಜಿಯಾನ್‌ಜೆನ್ ಸ್ಮಾರಕ ಭವನ 1973ರಲ್ಲಿ ಪೂರ್ಣಗೊಂಡಿತು.

ಮರಣಾನಂತರ

'ಯಿಂಗ್‌ಜಾವ್ ಫಾಶಿ'ಗೆ ಅವರು ಬರೆದ ವ್ಯಾಖ್ಯಾನದ ಮೊದಲ ಸಂಪುಟ 1983ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಬರೆದ ಸಚಿತ್ರ ಇತಿಹಾಸದ ಮೂಲಚಿತ್ರಗಳನ್ನು ಅವರು ಅಮೆರಿಕದ ಸ್ನೇಹಿತೆ ವಿಲ್ಮಾ ಫೇರ್‌ಬ್ಯಾಂಕ್ ಬಳಿ ಬಿಟ್ಟಿದ್ದರು. 1957ರಲ್ಲಿ ಅವರಿಗೆ ಹಿಂದಿರುಗಿಸಲೆಂದು ಇಂಗ್ಲೆಂಡಿನ ಮಾರ್ಗವಾಗಿ ಕಳುಹಿಸಿದ ಆ ಕಟ್ಟು ಬೀಜಿಂಗ್ ತಲುಪಲೇ ಇಲ್ಲ. 1980ರಲ್ಲಿ ಫೇರ್‌ಬ್ಯಾಂಕ್ ಅದನ್ನು ಸಿಂಗಾಪುರದಲ್ಲಿ ಪತ್ತೆ ಹಚ್ಚಿ, 1984ರಲ್ಲಿ ಪುಸ್ತಕವನ್ನು ಸಂಪಾದಿಸಿ ಹೊರತಂದರು. ಫೊಗುವಾಂಗ್ ದೇವಾಲಯ ವುತಾಯ್ ಪರ್ವತದ ಭಾಗವಾಗಿ 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1957ರಲ್ಲಿ ಕೆಡವಿದ್ದ ಬೀಜಿಂಗ್‌ನ ಯೊಂಗ್‌ದಿಂಗ್ ದ್ವಾರವನ್ನು 2004ರಲ್ಲಿ ಹೊಸದಾಗಿ ಕಟ್ಟಲಾಯಿತು. ದಂಪತಿಗಳು 1930ರ ದಶಕದಲ್ಲಿ ವಾಸವಿದ್ದ ಬೈಜೊಂಗ್ಬು ಓಣಿಯ ಮನೆಯನ್ನು 2012ರಲ್ಲಿ ನೆಲಸಮ ಮಾಡಲಾಗಿದೆ.