ಬರಗಾಲದ ನಂತರದ ಕುಡಿಯುವ ನೀರಿನ ಯೋಜನೆ: ಸಾರ್ವಜನಿಕರಿಗೆ ಮಾಹಿತಿ

ಸಂವಿಧಾನದ ಪ್ರಕಾರ ನೀರು ಸರಬರಾಜು ರಾಜ್ಯಪಟ್ಟಿಗೆ ಸೇರಿದ ವಿಷಯವಾಗಿದೆ. ಆದಾಗ್ಯೂ ಬರಗಾಲದ ಭಾರವನ್ನು ರಾಜ್ಯಗಳು ತಾವೇ ಹೊರಲಾಗದೆಂಬುದು ಮನವರಿಕೆಯಾದಾಗ, ಕೇಂದ್ರ ಸರ್ಕಾರವು 1972-73ರಲ್ಲಿ ವೇಗವರ್ಧಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮವನ್ನು ಜಾರಿಗೆ ತಂದಿತು. 1.6 ಕಿ.ಮೀ. ಅಂತರದೊಳಗೆ ನೀರಿನ ಮೂಲವಿಲ್ಲದ, ಅಥವಾ ಫ್ಲೋರೈಡ್, ಲವಣ ಮುಂತಾದವುಗಳಿಂದ ನೀರು ಕೆಟ್ಟಿರುವ ಊರುಗಳನ್ನು ಸಮಸ್ಯಾತ್ಮಕ ಗ್ರಾಮಗಳೆಂದು ಪರಿಗಣಿಸಲಾಯಿತು. 1986ರಲ್ಲಿ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ ಆರಂಭವಾಯಿತು. ತೀವ್ರ ಬರದ ವರ್ಷವಾದ 1987ರಲ್ಲಿ ಪ್ರಕಟವಾದ ಮೊದಲ ರಾಷ್ಟ್ರೀಯ ಜಲನೀತಿಯು ನೀರಿನ ಹಂಚಿಕೆಯಲ್ಲಿ ಕುಡಿಯುವ ನೀರಿಗೆ ಪ್ರಥಮ ಆದ್ಯತೆ ನೀಡಿತು.

ನೀರು ದೊರೆತ ಗ್ರಾಮ ಮತ್ತೆ ಒಣಗುವುದೇಕೆ?

ಆಗಿನ ಮಾನದಂಡದಂತೆ ತಲಾ ದಿನಕ್ಕೆ 40 ಲೀಟರ್ ನೀರು ಹಾಗೂ 250 ಜನರಿಗೆ ಒಂದು ಕೈಪಂಪು ಒದಗಿಸಲಾಗುತ್ತಿತ್ತು. ಕೊಳವೆಬಾವಿ ಕೊರೆದೊಡನೆ ಗ್ರಾಮಕ್ಕೆ ನೀರು ಒದಗಿಸಲಾಗಿದೆಯೆಂದು ಲೆಕ್ಕಕ್ಕೆ ಬರೆಯಲಾಗುತ್ತಿತ್ತು. ಆದರೆ ಅದೇ ಅಂತರ್ಜಲವನ್ನು ಸುತ್ತಲಿನ ನೀರಾವರಿ ಕೊಳವೆಬಾವಿಗಳೂ ಸೆಳೆಯುತ್ತಿದ್ದವು. ಮಳೆ ಕೈಕೊಟ್ಟ ವರ್ಷ ಮರುಪೂರಣವಾಗದೆ ನೀರಿನ ಮಟ್ಟ ಕುಸಿದು, ಪಟ್ಟಿಯಿಂದ ಹೊರಬಂದ ಗ್ರಾಮವು ಪುನಃ ಅದೇ ಪಟ್ಟಿಗೆ ಸೇರುತ್ತಿತ್ತು. ಕೊಳಾಯಿಗಳ ಎಣಿಕೆಗಿಂತ ಮೂಲದ ರಕ್ಷಣೆ ಮುಖ್ಯವೆಂಬುದನ್ನು ಯೋಜನೆಗಳು ತಡವಾಗಿಯೇ ಒಪ್ಪಿಕೊಂಡವು.

2019ರ ಆಗಸ್ಟ್ 15ರಂದು ಘೋಷಿಸಲಾದ ಜಲ ಜೀವನ್ ಮಿಷನ್‌ನಡಿ ಪ್ರತಿ ಗ್ರಾಮೀಣ ಮನೆಗೂ ನಳ ಸಂಪರ್ಕ ಕಲ್ಪಿಸಿ, ತಲಾ ದಿನಕ್ಕೆ 55 ಲೀಟರ್ ನೀರು ನೀಡುವ ಗುರಿಯಿದೆ. ಆರಂಭದಲ್ಲಿ ದೇಶದ 3.23 ಕೋಟಿ ಗ್ರಾಮೀಣ ಮನೆಗಳಿಗೆ, ಅಂದರೆ ಸುಮಾರು ಶೇ. 17ರಷ್ಟು ಮನೆಗಳಿಗೆ ಮಾತ್ರ ನಳದ ನೀರಿತ್ತು. ಮಿಷನ್ನಿನ ಅವಧಿಯನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟಿಸಲಾಯಿತು. ಕರ್ನಾಟಕದಲ್ಲಿ ಇದನ್ನು 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಅನುಷ್ಠಾನಗೊಳಿಸಲಾಗಿದೆ.

ಅರ್ಜಿದಾರರ ಗಮನಕ್ಕೆ

ನಳ ಸಂಪರ್ಕವಿಲ್ಲದ ಕುಟುಂಬದವರು ತಮ್ಮ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯವರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಅರ್ಜಿ ನೀಡುವುದರ ಜೊತೆಗೆ, ಗ್ರಾಮ ಕ್ರಿಯಾ ಯೋಜನೆಯಲ್ಲಿ ತಮ್ಮ ಮನೆ ಅಥವಾ ಬೀದಿ ಸೇರಿದೆಯೇ, ನೀರಿನ ಮೂಲ ಯಾವುದು, ಅದರ ಮರುಪೂರಣಕ್ಕೆ ಏನು ಕೈಗೊಳ್ಳಲಾಗಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳಿ ತಿಳಿಯುವುದು ಸೂಕ್ತ. ಈ ಪ್ರಶ್ನೆ ಕೇಳಲು ಬೇಸಿಗೆಯವರೆಗೆ ಕಾಯಬಾರದು. ಮಾರ್ಗಸೂಚಿಯಂತೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ನೀರು ಹೊರುವವರೇ ಯೋಜನೆಯನ್ನೂ ನಿರ್ಧರಿಸುವುದು ನ್ಯಾಯ. ಗ್ರಾಮದೊಳಗಿನ ಕಾಮಗಾರಿ ವೆಚ್ಚದ ಶೇ. 10ರಷ್ಟನ್ನು ಸಮುದಾಯವು ಹಣ, ಸಾಮಗ್ರಿ ಅಥವಾ ಶ್ರಮದ ರೂಪದಲ್ಲಿ ಭರಿಸಬಹುದು. ಗುಡ್ಡಗಾಡು ಪ್ರದೇಶಗಳಲ್ಲಿ ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಗ್ರಾಮಗಳಲ್ಲಿ ಈ ಪಾಲು ಶೇ. 5 ಮಾತ್ರ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. 2024ರ ಬೇಸಿಗೆಯಲ್ಲಿ ಖಾಸಗಿ ಕೊಳವೆಬಾವಿಗಳನ್ನು ಬಾಡಿಗೆಗೆ ಪಡೆದು, ಟ್ಯಾಂಕರ್ ಮೂಲಕವೂ ನೀರು ಪೂರೈಸಲಾಯಿತು. ಟ್ಯಾಂಕರ್ ನೀರು ತುರ್ತು ಪರಿಹಾರವೇ ಹೊರತು ಸೇವಾ ಸಂಪರ್ಕವಲ್ಲ. ಟ್ಯಾಂಕರ್ ಬರುತ್ತಿದೆಯೆಂಬ ಕಾರಣಕ್ಕೆ ನಳ ಸಂಪರ್ಕದ ಅರ್ಜಿಯನ್ನು ಕೈಬಿಡುವುದು ಬೇಡ.

ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಅಥವಾ ಕೊಳವೆಬಾವಿ ತೆಗೆಯುವುದನ್ನು ಕರ್ನಾಟಕದ 1999ರ ಅಂತರ್ಜಲ ಕಾಯ್ದೆಯು ನಿರ್ಬಂಧಿಸುತ್ತದೆ. ಇಂತಹ ಪ್ರಕರಣ ಕಂಡುಬಂದಲ್ಲಿ, ನೀರು ನಿಲ್ಲುವ ಮೊದಲೇ ಸ್ಥಳದ ವಿವರದೊಂದಿಗೆ ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ.